ಶಾಲಾ ಆವರಣದ ವಾಯು ಗುಣಮಟ್ಟ ಮಾಪನ

ಶಾಲೆ, ಕಾಲೇಜು ಮತ್ತು ವಿಶ್ವವಿದ್ಯಾಲಯಗಳ ತರಗತಿಗಳಲ್ಲೂ ಅಂಗಳದಲ್ಲೂ ಸಂವೇದಕಗಳನ್ನು ಅಳವಡಿಸಿ, ಗಾಳಿಯ ಸ್ಥಿತಿಯನ್ನು ಅಂತರ್ಜಾಲದ ಮೂಲಕ ಸತತವಾಗಿ ಗಮನಿಸುವ ವ್ಯವಸ್ಥೆ. ನಗರದ ಸರ್ಕಾರಿ ಮಾಪನ ಕೇಂದ್ರಗಳು ಹೊರಗಾಳಿಯನ್ನಷ್ಟೇ ಅಳೆಯುತ್ತವೆ. ಮುಚ್ಚಿದ ಕೊಠಡಿಯಲ್ಲಿ ಮಕ್ಕಳು ಉಸಿರಾಡುವ ಗಾಳಿ ಅವುಗಳ ಲೆಕ್ಕಕ್ಕೆ ಸಿಗದು. ದೇಹತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿ ಸೇವಿಸುತ್ತಾರೆ. ಅವರ ಶ್ವಾಸಕೋಶವೂ ಇನ್ನೂ ಬೆಳೆಯುತ್ತಿರುತ್ತದೆ. ಹೀಗಾಗಿ ತರಗತಿಯೊಳಗಿನ ಮಾಪನ ಮಕ್ಕಳ ಆರೋಗ್ಯರಕ್ಷಣೆಯ ಭಾಗವೇ ಆಗಿದೆ.

ಅಳೆಯುವ ಅಂಶಗಳು: ಮುಖ್ಯವಾದವು ಎರಡು. ಮೊದಲನೆಯದು ಪಿಎಂ 2.5, ಅಂದರೆ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳು. ಇವುಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿತು. ಭಾರತದ 2009ರ ಮಾನದಂಡ 40. ಎರಡನೆಯದು ಇಂಗಾಲದ ಡೈಆಕ್ಸೈಡ್. ಹೊರಗೆ ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ 420 ಭಾಗ) ಇರುವ ಇದು, ಗಾಳಿಯಾಡದ ತರಗತಿಯಲ್ಲಿ ಮಕ್ಕಳ ಉಸಿರಿನಿಂದಲೇ ಏರುತ್ತಾ ಹೋಗುತ್ತದೆ. ಸತತವಾಗಿ 1,500 ಪಿಪಿಎಂ ದಾಟಿದರೆ ವಾಯುಸಂಚಾರ ಸಾಲದು ಎಂಬುದು ಬ್ರಿಟನ್ನಿನ ಮಾರ್ಗಸೂಚಿ.

ಕಾರ್ಯವಿಧಾನ: ಕಣಗಳ ಮೇಲೆ ಬಿದ್ದ ಲೇಸರ್ ಬೆಳಕು ಚದುರುವ ಪ್ರಮಾಣದಿಂದ ಪಿಎಂ 2.5 ಅನ್ನೂ, ಹೀರಲ್ಪಟ್ಟ ಅವಗೆಂಪು ಕಿರಣದ ಪ್ರಮಾಣದಿಂದ ಇಂಗಾಲದ ಡೈಆಕ್ಸೈಡನ್ನೂ ಅಂದಾಜಿಸುತ್ತಾರೆ. ಅಳತೆಗಳು ವೈಫೈ ಮೂಲಕ, ವಿಶಾಲ ಆವರಣಗಳಲ್ಲಿ ಲೋರಾ ರೇಡಿಯೋ ಜಾಲದ ಮೂಲಕ, ಸರ್ವರ್ ತಲುಪಿ ಪರದೆಯ ಮೇಲೆ ಮೂಡುತ್ತವೆ.

ನಿಖರತೆ: ಅಗ್ಗದ ಸಂವೇದಕಗಳ ಅಂಕಿಗಳನ್ನು ತಿದ್ದುಪಡಿಯಿಲ್ಲದೆ ನಂಬುವಂತಿಲ್ಲ. ತೇವಾಂಶ ಹೆಚ್ಚಿದಾಗ ಕಣಗಳು ನೀರು ಹೀರಿ ಉಬ್ಬುವುದರಿಂದ, ಕರಾವಳಿ ಮತ್ತು ಮಲೆನಾಡಿನ ಮಳೆಗಾಲದಲ್ಲಿ ಅಳತೆ ಇರುವುದಕ್ಕಿಂತ ಹೆಚ್ಚಾಗಿ ಕಾಣಬಹುದು. ಪ್ರಮಾಣಿತ ಉಪಕರಣದ ಪಕ್ಕದಲ್ಲಿ ಕೆಲವು ವಾರ ಇರಿಸಿ ಹೋಲಿಸುವುದೇ ಇದಕ್ಕೆ ಪರಿಹಾರ. ದೆಹಲಿ ವಿಶ್ವವಿದ್ಯಾಲಯದ ಉತ್ತರ ಆವರಣದಂತೆ ಸರ್ಕಾರಿ ಕೇಂದ್ರವಿರುವ ಕಡೆ ಈ ಕೆಲಸ ಸುಲಭ. ಕೊಠಡಿಯೊಳಗೆ ಸಂವೇದಕವನ್ನು ಕುಳಿತ ಮಕ್ಕಳ ಉಸಿರಿನ ಎತ್ತರದಲ್ಲಿ, ಕಿಟಕಿಯಿಂದ ದೂರ ಇಡಬೇಕು.

ಬಳಕೆ: ಲಂಡನ್ನಿನಲ್ಲಿ 2019ರಲ್ಲಿ ಐದು ಶಾಲೆಗಳ 250 ಮಕ್ಕಳು ಸಂವೇದಕವಿದ್ದ ಬೆನ್ನುಚೀಲ ಹೊತ್ತು ಶಾಲೆಗೆ ಹೋಗಿಬಂದರು. ಕೋವಿಡ್ ಕಾಲದಲ್ಲಿ, 2021ರಿಂದ, ಇಂಗ್ಲೆಂಡಿನ ಸರ್ಕಾರಿ ಶಾಲೆಗಳಿಗೆ ಇಂಗಾಲದ ಡೈಆಕ್ಸೈಡ್ ಮಾಪಕಗಳನ್ನು ಹಂಚಲಾಯಿತು. ಅಮೆರಿಕದ ಬಾಸ್ಟನ್ ನಗರದ ಸಾರ್ವಜನಿಕ ಶಾಲೆಗಳು 4,000ಕ್ಕೂ ಹೆಚ್ಚು ಸಂವೇದಕಗಳನ್ನು ಅಳವಡಿಸಿ ಅಂಕಿಗಳನ್ನು ಎಲ್ಲರಿಗೂ ತೆರೆದಿಟ್ಟವು.

ಪಿಎಂ 2.5 ಮತ್ತು ಇಂಗಾಲದ ಡೈಆಕ್ಸೈಡ್, ಈ ಎರಡೂ ಅಳತೆಗಳನ್ನು ಜೊತೆಯಾಗಿ ಓದುವುದು ಅತ್ಯಗತ್ಯ. ಕಿಟಕಿ ತೆರೆದರೆ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಆದರೆ ಹೆದ್ದಾರಿ ಬದಿಯ ಶಾಲೆಯಲ್ಲಿ ಅಥವಾ ದೆಹಲಿಯ ಚಳಿಗಾಲದಲ್ಲಿ ಅದೇ ಕಿಟಕಿಯಿಂದ ಪಿಎಂ 2.5 ಒಳನುಗ್ಗುತ್ತದೆ. ಅಲ್ಲಿ ವಾಹನ ದಟ್ಟಣೆ ಕಡಿಮೆಯಿರುವ ಹೊತ್ತಿನಲ್ಲಿ ಕಿಟಕಿ ತೆರೆಯುವುದು, ಗಾಳಿ ಶೋಧಕ ಬಳಸುವುದು, ಆಟದ ಅವಧಿ ಬದಲಿಸುವುದು, ಗೇಟಿನ ಬಳಿ ವಾಹನಗಳ ಎಂಜಿನ್ ನಿಲ್ಲಿಸುವುದು ಸೂಕ್ತ ಕ್ರಮಗಳು. ಅಂಕಿ ಏರಿದಾಗ ಯಾರು ಏನು ಮಾಡಬೇಕೆಂದು ಮೊದಲೇ ಗೊತ್ತುಪಡಿಸಿದ ಶಾಲೆಯಲ್ಲಿ ಮಾತ್ರ ಈ ವ್ಯವಸ್ಥೆಯಿಂದ ಮಕ್ಕಳಿಗೆ ಪ್ರಯೋಜನವಾಗುತ್ತದೆ.