ಅಗರದ ಶಾಸನವೂ ದಕ್ಷಿಣ ಬೆಂಗಳೂರಿನ ಕೆರೆಗಳೂ

ಬೆಂಗಳೂರು ಯಾವ ಮಹಾನದಿಯ ತೀರದಲ್ಲಿಯೂ ನೆಲಸಿದ ಪಟ್ಟಣವಲ್ಲ. ಎರಡು ನದಿಗಳ ಜಲಾನಯನಗಳನ್ನು ಬೇರ್ಪಡಿಸುವ ದಿಣ್ಣೆಯ ಮೇಲೆ ಅದು ನಿಂತಿದೆ. ನಗರದ ದಕ್ಷಿಣಭಾಗದಲ್ಲಿ ಈ ವಿಭಾಗವು ಸ್ಪಷ್ಟವಾಗಿ ಕಾಣುತ್ತದೆ. ಬಸವನಗುಡಿಯ ಬಳಿ ಹುಟ್ಟುವ ವೃಷಭಾವತಿಯು ಪಡುವಣ ಇಳಿಜಾರಿನ ನೀರನ್ನು ಕೂಡಿಕೊಂಡು ಅರ್ಕಾವತಿಯ ಮೂಲಕ ಕಾವೇರಿಯನ್ನು ಸೇರುತ್ತದೆ. ಮೂಡಣ ಇಳಿಜಾರಿನ ನೀರಾದರೋ ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರು ಎಂಬ ಕೆರೆಗಳ ಸಾಲನ್ನು ಹಾದು ದಕ್ಷಿಣ ಪಿನಾಕಿನಿಯನ್ನು ಮುಟ್ಟುತ್ತದೆ. ಮೇಲಣ ಕೆರೆಯ ಕೋಡಿ ಹರಿದಲ್ಲದೆ ಕೆಳಗಣದು ತುಂಬದಂತೆ ಪೂರ್ವಿಕರು ಇವುಗಳನ್ನು ಕಟ್ಟಿದ್ದರು.

ಈ ಪ್ರಾಂತದ ಶಾಸನಗಳಲ್ಲಿ ಬೇಗೂರಿನ ವೀರಗಲ್ಲು ಬೆಂಗಳೂರೆಂಬ ಹೆಸರನ್ನು ಹೇಳುವುದರಿಂದ ಬಹು ಪ್ರಸಿದ್ಧವಾಗಿದೆ. ಅದು ಸುಮಾರು ಕ್ರಿ.ಶ. 890ರದು; ಅದರ ವಿಷಯ ಕಾಳಗ. ಅದಕ್ಕಿಂತಲೂ ಸ್ವಲ್ಪ ಹಿಂದಿನದಾದ, ಸುಮಾರು 870ರ ಅಗರದ ಶಾಸನದ ವಿಷಯ ನೀರು. ಗಂಗರ ಆಳಿಕೆಯಲ್ಲಿ ಸಿರಿಮಯ್ಯನ ಮಗನಾದ ಇರುಗಮಯ್ಯನು ಎರಡು ಕೆರೆಗಳಿಗೆ ತೂಬನ್ನಿಡಿಸಿ ಮತ್ತೊಂದು ಕೆರೆಯನ್ನು ಕಟ್ಟಿಸಿದನೆಂದು ಅದರಿಂದ ತಿಳಿದುಬರುತ್ತದೆ.

ಇಲ್ಲಿ ವಿಚಾರಾರ್ಹವಾದ ಅಂಶವೊಂದುಂಟು. ಕಟ್ಟಿಸಿದ ಕೆರೆಯನ್ನು ಬೇರೆಯಾಗಿ ಹೇಳಿರುವುದರಿಂದ, ತೂಬನ್ನು ಪಡೆದ ಎರಡು ಕೆರೆಗಳು ಮೊದಲೇ ಇದ್ದುವೆಂದು ತೋರುತ್ತದೆ. ಹಾಗಾದರೆ ಇದ್ದುದನ್ನು ಉಪಯೋಗಕ್ಕೆ ತರುವುದೂ ಹೊಸದನ್ನು ಕಟ್ಟುವುದರಂತೆಯೇ ಕಲ್ಲಿನಲ್ಲಿ ಬರೆಯಿಸತಕ್ಕ ಪುಣ್ಯಕಾರ್ಯವೆಂದು ಆ ಕಾಲದವರು ಎಣಿಸಿದ್ದರು. ಏರಿಯು ನೀರನ್ನು ನಿಲ್ಲಿಸುತ್ತದೆ. ಎಷ್ಟು ನೀರು, ಯಾವಾಗ, ಯಾರ ಗದ್ದೆಗೆ ಎಂಬುದನ್ನು ತೂಬು ನಿರ್ಣಯಿಸುತ್ತದೆ. ಸಪ್ತಸಂತಾನಗಳಲ್ಲಿ ತಟಾಕವನ್ನು ಎಣಿಸಿದ ಸಂಪ್ರದಾಯವು ನಿರ್ಮಾಣದೊಂದಿಗೇ ಮುಗಿಯಲಿಲ್ಲ. ಕೆರೆ ಕಟ್ಟಿದವನಿಗೆ ಕಟ್ಟುಕೊಡಗೆ, ಕೆರೆಯ ರಕ್ಷಣೆಗೆ ಬಿತ್ತುವಟ್ಟ, ತೂಬನ್ನು ತೆರೆದು ಮುಚ್ಚುವುದಕ್ಕೆ ನೀರಗಂಟಿ, ಹೀಗೆ ಕರ್ತವ್ಯಗಳು ಹಂಚಲ್ಪಟ್ಟಿದ್ದುವು.

ಈ ವ್ಯವಸ್ಥೆಯು ಸಡಿಲವಾದ ಬಗೆಯು ಸುವಿದಿತವೇ. 1896ರಲ್ಲಿ ಹೆಸರಘಟ್ಟದ ನೀರೂ 1974ರಲ್ಲಿ ಕಾವೇರಿಯ ನೀರೂ ಕೊಳವೆಗಳಲ್ಲಿ ಬಂದುವು. 1948ರಲ್ಲಿ ಜಯನಗರಕ್ಕೆ ಅಸ್ತಿಭಾರವಾಯಿತು. ಕ್ರಮೇಣ ಅಚ್ಚುಕಟ್ಟಿನ ಗದ್ದೆಗಳು ನಿವೇಶನಗಳಾದುವು. ಗದ್ದೆಯಿಲ್ಲದ ಮೇಲೆ ತೂಬಿಗೆ ಕೆಲಸವಿಲ್ಲ. ತೂಬಿಲ್ಲದ ಮೇಲೆ ನೀರಗಂಟಿಯಿಲ್ಲ. ಮಳೆನೀರಿನ ಕಾಲುವೆಗಳಲ್ಲಿ ಚರಂಡಿಯ ನೀರು ಹರಿಯಿತು. 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದು ಈ ಪರಂಪರೆಯ ಭಂಗಕ್ಕೆ ಸಾಕ್ಷಿ. ಮಳೆಯ ಗತಿಯೂ ವಿಷಮವಾಗಿದೆ: 2022ರ ಸೆಪ್ಟೆಂಬರಿನಲ್ಲಿ ಇದೇ ಕಣಿವೆಯ ಬಡಾವಣೆಗಳು ಮುಳುಗಿದುವು, 2024ರ ಬೇಸಗೆಯಲ್ಲಿ ನಗರದ ಕೊಳವೆಬಾವಿಗಳನೇಕವು ಬತ್ತಿದುವು.

ಹೀಗಿರಲು ಈ ಕಣಿವೆಯ ನೀರಿಗೆ ಹೊಸದೊಂದು ದಾರಿ ತೆರೆಯಿತು. ಕೋರಮಂಗಲ–ಚಲ್ಲಘಟ್ಟ ಯೋಜನೆಯಲ್ಲಿ ನಗರದ ಬಳಸಿದ ನೀರನ್ನು ಶುದ್ಧಿಗೊಳಿಸಿ, ದಿನಕ್ಕೆ 440 ದಶಲಕ್ಷ ಲೀಟರಿನಂತೆ, ಮುಖ್ಯವಾಗಿ ಕೋಲಾರ ಜಿಲ್ಲೆಯ 126 ಕೆರೆಗಳಿಗೆ ಸಾಗಿಸುವ ಸಂಕಲ್ಪವಾಯಿತು. 2018ರ ಜೂನಿನಲ್ಲಿ ನೀರು ಲಕ್ಷ್ಮೀಸಾಗರದ ಕೆರೆಯನ್ನು ಮುಟ್ಟಿತು. ನೇರವಾಗಿ ಪೈರಿಗೆ ಹಾಯಿಸುವುದಲ್ಲ, ಅಂತರ್ಜಲವನ್ನು ಹೆಚ್ಚಿಸುವುದು ಇದರ ಉದ್ದೇಶ. ನಿತ್ಯಪ್ರವಾಹದ ನದಿಯಿಲ್ಲದ ಆ ನಾಡಿಗೆ ಇದು ದೊಡ್ಡ ಆಸರೆ. ಆದರೆ ಶುದ್ಧಿಯು ಎರಡನೆಯ ಹಂತದಲ್ಲಿಯೇ ನಿಂತಿತೆಂದೂ, ಮೂರನೆಯ ಹಂತವಿಲ್ಲದೆ ಬಾವಿಗಳ ನೀರು ಕೆಡುವುದೆಂದೂ ಆಕ್ಷೇಪವೆದ್ದು, ವಿವಾದವು ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ಕಂಡಿತು.

ಅಗರದ ಶಾಸನದ ತಾತ್ಪರ್ಯವು ಇಲ್ಲಿ ಮತ್ತೆ ಪ್ರಸ್ತುತವಾಗುತ್ತದೆ. ಕೆರೆ ತುಂಬಿತೆಂಬುದು ಅರ್ಧ ಕಾರ್ಯ. ತುಂಬಿದ ನೀರು ಎಂಥದು, ಅದಕ್ಕೆ ಹೊಣೆ ಯಾರು ಎಂಬುದು ಉಳಿದರ್ಧ. ಇರುಗಮಯ್ಯನ ಕಾಲದಲ್ಲಿ ತೂಬು ಇದ್ದ ಸ್ಥಾನದಲ್ಲಿ ಇಂದು ಶುದ್ಧೀಕರಣದ ಘಟಕವಿದೆ. ಅದನ್ನು ಕಾಯುವ ನೀರಗಂಟಿಯೂ ಅದಕ್ಕೆ ತಕ್ಕ ಬಿತ್ತುವಟ್ಟವೂ ಏರ್ಪಡುವವರೆಗೆ ಈ ಸಂತಾನವು ಸಂಪೂರ್ಣವಾಯಿತೆಂದು ಹೇಳಲು ಬಾರದು.