ಎರಡು ಹೆಸರಿನ ನಟ

ನಟನಾದವನು ಜೀವಮಾನವೆಲ್ಲ ಪರರ ವೇಷ ತೊಡುತ್ತಾನೆ. ಹಾಗಿರುವಾಗ ಅವನ ಸ್ವಂತ ಮುಖ ಯಾವುದು? ಈ ಪ್ರಶ್ನೆ ರಂಗಭೂಮಿಯಷ್ಟೇ ಹಳೆಯದು. ಸ್ವೀಡನ್ನಿನ ನಟ ಮತ್ತು ನಿರ್ದೇಶಕ ವಿಕ್ಟರ್ ಶೋಸ್ಟ್ರಮ್‌ನ ಬಾಳನ್ನು ನೋಡಿದರೆ ಇದಕ್ಕೊಂದು ಉತ್ತರ ದೊರೆಯುತ್ತದೆ.

ಆತ ಹುಟ್ಟಿದ್ದು 1879ರಲ್ಲಿ, ವರ್ಮ್‌ಲಾಂಡ್ ಪ್ರಾಂತದಲ್ಲಿ. ಇನ್ನೂ ಎಳೆಗೂಸಾಗಿದ್ದಾಗಲೇ ಸಂಸಾರ ಅಮೆರಿಕದ ಬ್ರೂಕ್ಲಿನ್ನಿಗೆ ವಲಸೆ ಹೋಯಿತು. ಮಗುವಿಗೆ 7 ವರ್ಷವಾಗುವ ಹೊತ್ತಿಗೆ ತಾಯಿ ತೀರಿಕೊಂಡಳು. ಮುಂದೆ ಹುಡುಗ ಸ್ವೀಡನ್ನಿಗೆ ಮರಳಿ ನೆಂಟರ ಆಶ್ರಯದಲ್ಲಿ ಬೆಳೆದ. 17ರ ಪ್ರಾಯದಲ್ಲಿ ಊರೂರು ಸುತ್ತುವ ನಾಟಕ ಮಂಡಲಿಯನ್ನು ಸೇರಿದ.

1912ರಲ್ಲಿ ಆತ ಚಲಚ್ಚಿತ್ರಕ್ಕೆ ಬಂದಾಗ ಅದು ಮಾತಿಲ್ಲದ ಕಲೆ. ಮರುವರ್ಷವೇ ನಿರ್ದೇಶಿಸಿದ 'ಇಂಗೆಬೋರ್ಗ್ ಹೋಲ್ಮ್' ಚಿತ್ರದಲ್ಲಿ ಬಡ ವಿಧವೆಯೊಬ್ಬಳು ಬಡವರ ಆಶ್ರಯಗೃಹ ಸೇರುತ್ತಾಳೆ, ಆಕೆಯ ಮಕ್ಕಳು ಬೇರೆ ಬೇರೆ ಮನೆಗಳ ಪಾಲಾಗುತ್ತಾರೆ. ಹೆತ್ತ ಕೂಸೇ ತನ್ನ ಗುರುತು ಹಿಡಿಯದಾದಾಗ ಆ ತಾಯಿಗೆ ಬುದ್ಧಿ ಕೆಡುತ್ತದೆ. ಈ ಚಿತ್ರದಿಂದ ಸ್ವೀಡನ್ನಿನಲ್ಲಿ ಬಡವರ ಪೋಷಣೆಯ ಕ್ರಮವನ್ನು ಕುರಿತು ದೊಡ್ಡ ಚರ್ಚೆಯೇ ಎದ್ದಿತು. ಇದನ್ನು ತೆಗೆದವನು ತಾಯಿಯನ್ನು ಕಳೆದುಕೊಂಡ ಮಗು ಎಂಬುದನ್ನು ನೆನೆದರೆ, ಅದರ ಬಿಸಿ ಎಲ್ಲಿಂದ ಬಂತೆಂಬುದು ನಿಮಗೆ ಹೊಳೆದೀತು.

1921ರ 'ಕೋರ್‌ಕಾರ್ಲೆನ್', ಎಂದರೆ ಸಾರಥಿ, ಆತನ ಕೀರ್ತಿಯನ್ನು ದೇಶಾಂತರಕ್ಕೆ ಒಯ್ದಿತು. ಕಥೆ ಸೆಲ್ಮಾ ಲಾಗರ್ಲಾಫ್‌ಳದು. ವರ್ಷದ ಕೊನೆಯ ಗಳಿಗೆಯಲ್ಲಿ ಸತ್ತವನು ಮುಂದಿನ ವರ್ಷವೆಲ್ಲ ಮೃತ್ಯುವಿನ ಬಂಡಿ ಹೊಡೆಯಬೇಕು. ಕುಡಿದು ಮನೆ ಹಾಳುಮಾಡಿದ ಡೇವಿಡ್ ಹೋಲ್ಮ್‌ನ ಪಾತ್ರವನ್ನು ಶೋಸ್ಟ್ರಮ್ ತಾನೇ ವಹಿಸಿದ. ಛಾಯಾಗ್ರಾಹಕ ಯೂಲಿಯಸ್ ಯಾನ್ಸೋನ್ ಒಂದೇ ಫಿಲ್ಮಿನ ಮೇಲೆ ಮತ್ತೆ ಮತ್ತೆ ಚಿತ್ರ ಹಿಡಿದು, ಆಚೆಯದೆಲ್ಲ ಕಾಣುವ ಪಾರದರ್ಶಕ ಬಂಡಿಯನ್ನು ಸೃಷ್ಟಿಸಿದ. ಆದರೆ ಪ್ರೇಕ್ಷಕನನ್ನು ನಿಜವಾಗಿ ಬೆದರಿಸುವುದು ಬಂಡಿಯಲ್ಲ. ತನ್ನ ಬಾಳನ್ನು ತಾನೇ ತಿರುಗಿ ನೋಡಬೇಕಾಗಿ ಬಂದ ಆ ಮನುಷ್ಯನ ಮುಖ.

1923ರಲ್ಲಿ ಹಾಲಿವುಡ್ ಕರೆಯಿತು. ಅಲ್ಲಿ ಆತನ ಹೆಸರನ್ನೂ ಬದಲಾಯಿಸಿದರು. ಸ್ವೀಡಿಷ್ ಭಾಷೆಯಲ್ಲಿ 'ಶೋ' ಎಂದರೆ ಸರೋವರ ಅಥವಾ ಸಮುದ್ರ, 'ಸ್ಟ್ರಮ್' ಎಂದರೆ ಹೊಳೆಯ ಸೆಳವು. ಮೊದಲರ್ಧವನ್ನು ಮಾತ್ರ ಇಂಗ್ಲಿಷಿಗೆ ತಿರುಗಿಸಿ 'ಸೀಸ್ಟ್ರಮ್' ಮಾಡಿದರು. ಹೆಸರು ಅರ್ಧ ಅನುವಾದವಾಯಿತು; ದೃಷ್ಟಿ ಮಾತ್ರ ಅನುವಾದವಾಗಲಿಲ್ಲ. ಸ್ವದೇಶದ ಚಿತ್ರಗಳಲ್ಲಿ ಕಡಲನ್ನೂ ಬೆಟ್ಟವನ್ನೂ ಪಾತ್ರಗಳಂತೆ ಬಳಸಿದವನು, ಲಿಲಿಯನ್ ಗಿಶ್ ನಟಿಸಿದ 1928ರ 'ದಿ ವಿಂಡ್' ಚಿತ್ರದಲ್ಲಿ ಮೊಹಾವೆ ಮರುಭೂಮಿಯ ಗಾಳಿಯನ್ನೇ ಪಾತ್ರವಾಗಿಸಿದ. ಆ ವೇಳೆಗೆ ಮಾತಿನ ಚಿತ್ರಗಳು ಬಂದು ಮೂಕಚಿತ್ರವನ್ನು ಕೇಳುವವರಿಲ್ಲದಾದರು. 1930ರಲ್ಲಿ ಆತ ತಾಯ್ನಾಡಿಗೆ ಹಿಂದಿರುಗಿದ. 1937ರ ಬಳಿಕ ಚಿತ್ರ ನಿರ್ದೇಶನವನ್ನೇ ಬಿಟ್ಟುಬಿಟ್ಟ.

ಇಪ್ಪತ್ತು ವರ್ಷಗಳ ಮೇಲೆ, 1957ರಲ್ಲಿ, ಇಂಗ್ಮಾರ್ ಬರ್ಗ್‌ಮನ್ ತನ್ನ 'ಸ್ಮುಲ್ಟ್ರೋನ್‌ಸ್ಟೆಲೆಟ್' ಚಿತ್ರದ ನಾಯಕ ಪಾತ್ರವನ್ನು ಈ ವೃದ್ಧನಿಗೆ ಕೊಟ್ಟ. ಆ ಮಾತಿಗೆ ಕಾಡು ಸ್ಟ್ರಾಬೆರಿ ಬೆಳೆಯುವ ಜಾಗ ಎಂದರ್ಥ. ತನ್ನೊಬ್ಬನಿಗೇ ಪ್ರಿಯವಾದ ಗುಟ್ಟಿನ ತಾಣಕ್ಕೂ ಸ್ವೀಡಿಷರು ಹಾಗೆಯೇ ಅನ್ನುತ್ತಾರೆ. 78 ವರ್ಷದ ವೈದ್ಯ ಈಸಾಕ್ ಬೋರ್ಗ್ ಗೌರವ ಪದವಿ ಪಡೆಯಲು ಸ್ಟಾಕ್‌ಹೋಮಿನಿಂದ ಲುಂಡ್‌ಗೆ ಕಾರಿನಲ್ಲಿ ಹೊರಡುತ್ತಾನೆ. ನಟನ ಪ್ರಾಯವೂ ಹೆಚ್ಚುಕಡಿಮೆ ಅಷ್ಟೇ. ಕನಸಿನಲ್ಲಿ ವೈದ್ಯನಿಗೆ ಮುಳ್ಳಿಲ್ಲದ ಗಡಿಯಾರ ಕಾಣುತ್ತದೆ, ಶವದ ಬಂಡಿ ಕಾಣುತ್ತದೆ, ಪೆಟ್ಟಿಗೆಯೊಳಗೆ ತಾನೇ ಕಾಣುತ್ತಾನೆ. 1921ರ ಬಂಡಿ ಹೀಗೆ ಮರಳಿ ಬಂತು!

ಕೊನೆಯ ದೃಶ್ಯದಲ್ಲಿ ಮುದುಕನು ನೀರಿನಾಚೆ ತನ್ನ ತಂದೆತಾಯಿಗಳನ್ನು ಕಾಣುತ್ತಾನೆ, ಅವರು ಕೈಬೀಸುತ್ತಾರೆ. ಅದನ್ನು ತೆಗೆಯುವ ಸಂಜೆ, ಮನೆಗೆ ಹೋಗುವ ಹೊತ್ತು ಮೀರಿತೆಂದು ಶೋಸ್ಟ್ರಮ್ ಸಿಡಿಮಿಡಿಗೊಂಡಿದ್ದನಂತೆ. ಕ್ಯಾಮರಾ ತಿರುಗಿದೊಡನೆ ಆ ಮುಖದಲ್ಲಿ ಶಾಂತಿ ಬೆಳಗಿತೆಂದು ಬರ್ಗ್‌ಮನ್ ಸ್ಮರಿಸಿದ್ದಾನೆ. ತನ್ನ ತಂದೆತಾಯಿಗಳನ್ನೂ ತನ್ನನ್ನೂ ಕುರಿತು ಬರೆದ ಕಥೆಯನ್ನು ಆ ನಟ ತನ್ನದಾಗಿಸಿಕೊಂಡನೆಂದೂ ಆತ ಒಪ್ಪಿದ್ದಾನೆ.

1960ರ ಜನವರಿ 3ರಂದು ಶೋಸ್ಟ್ರಮ್ ಕಾಲವಾದ. ನಟನ ಸ್ವಂತ ಮುಖ ಯಾವುದೆಂದು ಕೇಳಿದೆವಲ್ಲವೆ? ಎರಡು ದೇಶ, ಎರಡು ಹೆಸರುಗಳ ನಡುವೆ ಬಾಳಿದವನು ಪರರ ಪಾತ್ರದೊಳಗೇ ಅದನ್ನು ತೋರಿಸಿಹೋದ. ಆ ಚಿತ್ರ ನಿಮ್ಮಲ್ಲಿಗೆ ಬಂದಾಗ ಕೊನೆಯ ದೃಶ್ಯದವರೆಗೂ ಕುಳಿತು ನೋಡಿರಿ.