ಶೇಕಡಾ ಎಷ್ಟು ಅನ್ನೋ ಮೊದಲು, ಯಾವುದರಲ್ಲಿ ಎಷ್ಟು?

2025ರ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ನ್ಯಾಟೋ ದೇಶಗಳು ಸೇರಿ ಒಂದು ನಿರ್ಧಾರ ಮಾಡಿದವು. 2035ರೊಳಗೆ ಪ್ರತಿ ದೇಶ ತನ್ನ ಜಿಡಿಪಿಯ ಶೇ. 5ರಷ್ಟನ್ನು ರಕ್ಷಣೆಗೆ ಇಡಬೇಕು. ಇದರಲ್ಲಿ ಶೇ. 3.5 ನೇರವಾಗಿ ಸೈನ್ಯಕ್ಕೆ, ಉಳಿದ ಶೇ. 1.5 ರಸ್ತೆ, ಸೇತುವೆ, ಸೈಬರ್ ಭದ್ರತೆಯಂಥ ಬಾಬ್ತುಗಳಿಗೆ. ಸ್ಪೇನ್ ನಮಗಿದು ಆಗೋದಿಲ್ಲ ಅಂತ ಅಲ್ಲೇ ತಕರಾರು ತೆಗೀತು. ಟ್ರಂಪ್ ಗದರಿದರು. ನಮ್ಮ ಸ್ಟುಡಿಯೋದಲ್ಲೂ ಆ ರಾತ್ರಿ ಪರದೆ ಮೇಲೆ ದೊಡ್ಡದೊಂದು ಪಟ್ಟಿ ಓಡಿತು. ಯಾರು ಜಾಸ್ತಿ ಕೊಡ್ತಾರೆ, ಯಾರು ಪುಕ್ಕಟೆ ಕೂತಿದ್ದಾರೆ ಅಂತ.

ನಾನು ಇಂಜಿನಿಯರಿಂಗ್ ಓದಿದವನು. ಯಾವ ಶೇಕಡಾ ಲೆಕ್ಕ ಕಂಡರೂ ಮೊದಲು ಕೇಳೋದು, ಗೆರೆಯ ಕೆಳಗೆ ಏನಿದೆ ಅಂತ. ಆಮೇಲೆ ಇನ್ನೊಂದು ಪ್ರಶ್ನೆ: ಆ ದುಡ್ಡಲ್ಲಿ ಕಟ್ಟಿದ ಸೈನ್ಯ ಯಾರ ಮಾತು ಕೇಳುತ್ತೆ? ಈ ಎರಡನೇ ಪ್ರಶ್ನೆಗೆ ಉತ್ತರ ಬೇಕಿದ್ದರೆ ಬ್ರಸೆಲ್ಸ್‌ಗೆ ಹೋಗಬೇಕಾಗಿಲ್ಲ. ಬನ್ನೂರಿಗೆ ಹೋದರೆ ಸಾಕು.

ಬನ್ನೂರು ಅಂದ ಕೂಡಲೇ ನಿಮಗೆ ಕುರಿ ನೆನಪಾಗುತ್ತೆ, ಗೊತ್ತು. ಆದರೆ ಆ ಸೀಮೆಯ ಕಾವೇರಿ ದಡಕ್ಕೆ ಇನ್ನೊಂದು ನೆನಪಿದೆ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ ಜನರಲ್ ಹ್ಯಾರಿಸ್, ಎಲ್ಲರೂ ಅಂದುಕೊಂಡಂತೆ ನೇರವಾಗಿ ಶ್ರೀರಂಗಪಟ್ಟಣಕ್ಕೆ ಹೋಗಲಿಲ್ಲ. ಆ ದಾರಿಯಲ್ಲಿ ಮೇವು ಸಿಗದ ಹಾಗೆ ಟಿಪ್ಪು ಮೊದಲೇ ನಾಶ ಮಾಡಿಸಿದ್ದ. ಹ್ಯಾರಿಸ್ ದಕ್ಷಿಣಕ್ಕೆ ತಿರುಗಿ, ತಿ. ನರಸೀಪುರದ ಹತ್ತಿರದ ಸೋಸಲೆಯಲ್ಲಿ ಹೊಳೆ ದಾಟಿದ. ಬೇಸಿಗೆ, ನೀರು ಕಡಿಮೆ. ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ.

ಮುಂದಿನದ್ದು ನಮ್ಮ ಲೆಕ್ಕದ ವಿಷಯ. ಜುಲೈ 8ರಂದು ಒಪ್ಪಂದವಾಯಿತು. ಒಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ಇನ್ನೊಂದು ಕಡೆ ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರ್. ಕಾಗದದ ಮೇಲೆ ಇಬ್ಬರೂ ಮಿತ್ರರು. ಒಬ್ಬರ ಶತ್ರು ಇನ್ನೊಬ್ಬರ ಶತ್ರು. ಮೈಸೂರನ್ನು ಕಂಪನಿಯ ಸೈನ್ಯ ಕಾಯುತ್ತೆ, ಅದಕ್ಕೆ ಮೈಸೂರು ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ ಕೊಡಬೇಕು. ಒಂದಕ್ಕೆ ಮೂರೂವರೆ ರೂಪಾಯಿಯಂತೆ 24.5 ಲಕ್ಷ ರೂಪಾಯಿ. ಅದೂ ತಿಂಗಳ ಕಂತಿನಲ್ಲಿ. ಬ್ಯಾಂಕಿನ ಇಎಂಐ ಅಂದುಕೊಳ್ಳಿ.

ರಾಜ್ಯದ ಆದಾಯ ಎಷ್ಟಿತ್ತು? ಒಡೆಯರ್ ಪಾಲಿಗೆ ಬಂದ ಸೀಮೆಗೆ ಆಗ ಹಾಕಿದ ಹುಟ್ಟುವಳಿ 13,74,076 ಕಂಠೀರಾಯಿ ವರಹ. ವರಹಕ್ಕೆ ಸುಮಾರು ಮೂರು ರೂಪಾಯಿ ಹಿಡಿದರೆ 41 ಲಕ್ಷದ ಆಸುಪಾಸು. ಅಂದರೆ ಕಾಗದದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ದುಡ್ಡು ಮಿತ್ರನ ಸೈನ್ಯಕ್ಕೇ ಹೋಯಿತು. ಇಲ್ಲಿ ನೀವೊಂದು ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ: ಇದು ಸರ್ಕಾರದ ಆದಾಯದ ಪಾಲು, ಜಿಡಿಪಿಯ ಪಾಲಲ್ಲ. ನಿಜ. ಜಿಡಿಪಿಗೆ ಹೋಲಿಸಿದರೆ ಅಂಕಿ ಬಹಳ ಚಿಕ್ಕದಾಗುತ್ತೆ. ಆದರೆ ಕೆರೆ ಏರಿ ಕಟ್ಟಿಸಬೇಕಾದ ದಿವಾನ್ ಪೂರ್ಣಯ್ಯನವರ ಕೈಯಲ್ಲಿದ್ದದ್ದು ಜಿಡಿಪಿ ಅಲ್ಲ, ಖಜಾನೆ. ಅವರು ವಸೂಲಿಯನ್ನು ಬಿಗಿ ಮಾಡಿ ಆದಾಯ ಏರಿಸಿದರು. ಆ ಬಿಗಿಯ ಭಾರ ಬಿದ್ದದ್ದು ರೈತನ ಮೇಲೆ.

ಅಲ್ಲಿಗೂ ಮುಗೀಲಿಲ್ಲ. 1807ರಲ್ಲಿ ಇನ್ನೊಂದು ಕಲಮು ಸೇರಿತು. ಮೈಸೂರು ತನ್ನ ಖರ್ಚಿನಲ್ಲೇ 4,000 ಸಿಲ್ಲೆದಾರ್ ಕುದುರೆ ಸವಾರರನ್ನು ಸದಾ ಸಿದ್ಧ ಇಟ್ಟಿರಬೇಕು. 1817-18ರಲ್ಲಿ ಪಿಂಡಾರಿಗಳ, ಮರಾಠರ ಮೇಲೆ ಕಂಪನಿ ಯುದ್ಧಕ್ಕೆ ಹೋದಾಗ ಈ ಸವಾರರೂ ಹೋದರು. ಆ ಯುದ್ಧ ಮೈಸೂರು ಸಾರಿದ್ದಲ್ಲ.

ಕಂಪನಿಯ ಉಳಿದ ಮಿತ್ರರು ಏನು ಕೊಟ್ಟರು ನೋಡಿ. ಹೈದರಾಬಾದಿನ ನಿಜಾಮ ನಗದಿನ ಬದಲು ನೆಲ ಕೊಟ್ಟ. 1800ರಲ್ಲಿ ನಮ್ಮ ಬಳ್ಳಾರಿ, ಜೊತೆಗೆ ಅನಂತಪುರ, ಕಡಪ ಸೀಮೆ ಕಂಪನಿಯ ಪಾಲಾದದ್ದು ಹಾಗೆ. ಬಳ್ಳಾರಿಯವರು ಒಂದೂವರೆ ಶತಮಾನ ಮದ್ರಾಸಿನ ಆಡಳಿತದಲ್ಲಿ ಇದ್ದದ್ದು ಒಬ್ಬ ನಿಜಾಮನ ರಕ್ಷಣಾ ಬಿಲ್ಲಿನಿಂದ! ಅವಧ್ 1801ರಲ್ಲಿ ಹತ್ತಿರ ಹತ್ತಿರ ಅರ್ಧ ರಾಜ್ಯವನ್ನೇ ಬಿಟ್ಟುಕೊಟ್ಟಿತು. ತಿರುವಾಂಕೂರಿಗೆ 1805ರಲ್ಲಿ ವರ್ಷಕ್ಕೆ ಎಂಟು ಲಕ್ಷ ರೂಪಾಯಿ ಬಿತ್ತು. ಬಾಕಿ ಬೆಳೆಯಿತು, ದಿವಾನ ವೇಲು ತಂಬಿ ದಂಗೆ ಎದ್ದ, 1809ರಲ್ಲಿ ಪ್ರಾಣ ಬಿಟ್ಟ. ಇವರನ್ನೆಲ್ಲ ಒಂದೇ ಪಟ್ಟಿಯಲ್ಲಿ ಶೇಕಡಾ ಹಾಕಿ ನಿಲ್ಲಿಸೋದು ಹೇಗೆ? ನೆಲಕ್ಕೆ ಶೇಕಡಾ ಎಷ್ಟು?

ಮೈಸೂರಿನ ಒಪ್ಪಂದದಲ್ಲಿ ಒಂದು ಮುಳ್ಳಿತ್ತು. ಕಂತಿಗೆ ಅಪಾಯ ಅನ್ನಿಸಿದರೆ ಕಂಪನಿ ಆಡಳಿತವನ್ನೇ ಕೈಗೆ ತಗೋಬಹುದು. ನಗರ ದಂಗೆಯ ನಂತರ, 1831ರಲ್ಲಿ ಬೆಂಟಿಂಕ್ ಮುಮ್ಮಡಿಯವರ ಕೈಯಿಂದ ರಾಜ್ಯ ಕಿತ್ತುಕೊಂಡಾಗ ತೋರಿಸಿದ್ದು ಈ ಒಪ್ಪಂದದ ಕಲಮನ್ನೇ. ಐವತ್ತು ವರ್ಷ ಬ್ರಿಟಿಷ್ ಕಮಿಷನರ್‌ಗಳ ಆಳ್ವಿಕೆ ನಡೆಯಿತು.

1881ರಲ್ಲಿ ರಾಜ್ಯ ವಾಪಸ್ ಬಂತು. ಆ ಹೊತ್ತಿಗೆ ಆದಾಯ ಸುಮಾರು ಒಂದು ಕೋಟಿ. 24.5 ಲಕ್ಷ ಅಂದರೆ ಕಾಲು ಭಾಗ. ಪಾಲು ಇಳಿದದ್ದು ದೊರೆಗಳ ದಯೆಯಿಂದಲ್ಲ. ಮೇಲಿನ ಅಂಕಿ ಅಲ್ಲೇ ನಿಂತಿತ್ತು, ಕೆಳಗಿನದು ಬೆಳೆದಿತ್ತು. ಬ್ರಿಟಿಷರಿಗೂ ಗಣಿತ ಬರುತ್ತಿತ್ತಲ್ಲ, ಪೊಗದಿಯನ್ನು 35 ಲಕ್ಷಕ್ಕೆ ಏರಿಸಿದರು. ಯಾವಾಗ? 1876-78ರ ಬರದಲ್ಲಿ ಮೈಸೂರು ಸೀಮೆಯ ಐದರಲ್ಲಿ ಒಂದು ಪಾಲು ಜನ ಸತ್ತು ಕೆಲವೇ ವರ್ಷಕ್ಕೆ! ಬರದ ಸಾಲ ಹೊತ್ತಿದ್ದ ರಾಜ್ಯಕ್ಕೆ ಅದು ಆಗದ ಮಾತು ಅಂತ ಅವರಿಗೂ ಗೊತ್ತಿತ್ತು. ಏರಿಕೆಯನ್ನು ಮುಂದೂಡುತ್ತಾ ಹೋಗಿ 1896ರಿಂದ ವಸೂಲಿ ಶುರು ಮಾಡಿದರು. ಇಷ್ಟು ಕೊಡುವ ರಾಜ್ಯ ತನ್ನ ಸ್ವಂತ ಸೈನ್ಯವನ್ನು ಅವರು ಹೇಳಿದ್ದಕ್ಕಿಂತ ಹೆಚ್ಚು ಬೆಳೆಸುವಂತಿರಲಿಲ್ಲ. ಅಪ್ಪಣೆಯಿಲ್ಲದೆ ಕೋಟೆ ಕಟ್ಟುವಂತಿರಲಿಲ್ಲ.

ಇಂದಿನ ಪಟ್ಟಿಗೆ ಬರೋಣ. 2014ರಲ್ಲಿ ನ್ಯಾಟೋದಲ್ಲಿ ಶೇ. 2ರ ಗೆರೆ ಮುಟ್ಟಿದ್ದವರು ಮೂರೇ ದೇಶ: ಅಮೆರಿಕ, ಬ್ರಿಟನ್, ಗ್ರೀಸ್. ಗ್ರೀಸ್ ಯಾಕೆ ಅಂತ ಕೇಳಿದರೆ ನಗು ಬರುತ್ತೆ. ಅದು ಹೆದರುವುದು ಟರ್ಕಿಗೆ, ಟರ್ಕಿಯೂ ನ್ಯಾಟೋ ಸದಸ್ಯನೇ. ಐಸ್‌ಲ್ಯಾಂಡ್‌ಗೆ ಖಾಯಂ ಸೈನ್ಯವೇ ಇಲ್ಲ, ಆದರೂ ಅದು ಸ್ಥಾಪಕ ಸದಸ್ಯ. ಪಟ್ಟಿಯಲ್ಲಿ ಈ ಕಥೆ ಯಾವುದೂ ಕಾಣೋದಿಲ್ಲ. ಆದರೆ ಇವತ್ತಿನ ಸ್ಪೇನ್‌ಗೂ ಅಂದಿನ ಮೈಸೂರಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಸ್ಪೇನ್ ಕೊಡುವ ದುಡ್ಡು ಸ್ಪೇನ್ ಸೈನ್ಯಕ್ಕೇ ಹೋಗುತ್ತೆ, ಮತ್ತೆ ಅದರ ಪ್ರಧಾನಿ ಎದ್ದು ನಿಂತು ಆಗಲ್ಲ ಅನ್ನಬಹುದು. ಅದಕ್ಕಾಗಿ ಯಾರೂ ಬಂದು ಮ್ಯಾಡ್ರಿಡ್‌ನ ಆಡಳಿತ ವಹಿಸಿಕೊಳ್ಳೋದಿಲ್ಲ.

ಮೈಸೂರು ಆಗಲ್ಲ ಅಂತ ಬಾಯಿಬಿಟ್ಟು ಹೇಳೋಕೆ ಹೊರಟದ್ದು ಬಹಳ ತಡವಾಗಿ. ಮೊದಲ ಮಹಾಯುದ್ಧಕ್ಕೆ ನಾಲ್ವಡಿಯವರು ಪೊಗದಿಯ ಮೇಲೆ ಇನ್ನೂ 50 ಲಕ್ಷ ಕೊಟ್ಟಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಮೈಸೂರಿನ ಲ್ಯಾನ್ಸರ್‌ಗಳು ಜೋಧಪುರದವರ ಜೊತೆ ಕುದುರೆ ಓಡಿಸಿದ್ದರು. ದೇಶೀ ಸಂಸ್ಥಾನಗಳು ಕಟ್ಟುತ್ತಿದ್ದ ಪೊಗದಿಯಲ್ಲಿ ಮೈಸೂರಿನದೇ ಸಿಂಹಪಾಲು. ಕೊನೆಗೆ 1927ರಲ್ಲಿ ವೈಸ್‌ರಾಯ್ ಇರ್ವಿನ್ 10.5 ಲಕ್ಷ ಕಡಿತ ಘೋಷಿಸಿದರು. ದೊಡ್ಡ ರಿಯಾಯಿತಿ ಅಂತ ಸಂಭ್ರಮ ಆಯಿತು. 35ರಲ್ಲಿ 10.5 ಕಳೆದರೆ ಉಳಿಯೋದು 24.5 ಲಕ್ಷ, ಐದು ತುಂಬದ ಮಗುವಿನ ಹೆಸರಲ್ಲಿ 1799ರಲ್ಲಿ ಬರೆಸಿಕೊಂಡ ಅದೇ ಅಂಕಿ.